ಇರೋ ಕ್ವಾರ್ಟರ್‌ಬ್ಯಾಕ್‌ಗೆ ತಕ್ಕ ಆಟ ಆಡ್ಸಿ ಸ್ವಾಮಿ

ಶನಿವಾರ ಗೆಳೆಯರೊಬ್ಬರ ಮನೇಲಿ ಗೇಮ್ ನೋಡೋಕೆ ಸೇರಿದ್ವಿ. ಹಾಫ್‌ಟೈಮಲ್ಲಿ ಮಿಷಿಗನ್ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ಟೀಮಿನ ಹಳೇ ಸೀಸನ್‌ಗಳ ಮಾತು ಬಂತು, ಒಬ್ರು ಚುರುಮುರಿ ತಿನ್ಕೊಂಡು ಆರಾಮಾಗಿ ಹೇಳ್ಬಿಟ್ರು, "2008ರಲ್ಲಿ ಕೋಚ್ ಸಿಸ್ಟಮ್ ಏನೂ ತಪ್ಪಿರ್ಲಿಲ್ಲ ರೀ, ಹುಡುಗರಿಗೇ ಯೋಗ್ಯತೆ ಇರ್ಲಿಲ್ಲ." ಆವಾಗಿಂದ ಮೈ ಉರೀತಿದೆ ನನಗೆ. ಅಲ್ಲೂ ವಾದ ಮಾಡ್ದೆ, ಸಾಲ್ದು ಅನ್ಸಿ ಇಲ್ಲೂ ಬರೀತಿದೀನಿ. ಆ ವರ್ಷ ನಾನು ಆ ಯೂನಿವರ್ಸಿಟಿ ಇರೋ ಆನ್ ಆರ್ಬರ್‌ನಲ್ಲಿ ಓದ್ತಿದ್ದೆ, ಸ್ಟೂಡೆಂಟ್ ಸೆಕ್ಷನ್ನಲ್ಲಿ ನಿಂತು ಆ ಗೇಮ್‌ಗಳನ್ನ ನೋಡಿದೋನು ಅಂತ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತೇ ಇದೆ.

2008ರ ಆ ಹೊಸ ಕೋಚ್ ರಿಚ್ ರೊಡ್ರಿಗಸ್ ವೆಸ್ಟ್ ವರ್ಜೀನಿಯಾ ಯೂನಿವರ್ಸಿಟಿಯಿಂದ ಬಂದ್ರು. ಅಲ್ಲಿ ಪ್ಯಾಟ್ ವೈಟ್ ಅಂತ ಗಾಳಿ ಥರ ಓಡೋ ಕ್ವಾರ್ಟರ್‌ಬ್ಯಾಕ್ (ಬಾಲ್ ಎಸೆಯೋದೋ, ಕೊಡೋದೋ, ತಾನೇ ಓಡೋದೋ ಅಂತ ಆಟ ನಡೆಸೋ ಹುಡುಗ) ಇದ್ದ, ಅವನನ್ನಿಟ್ಕೊಂಡು ಕ್ವಾರ್ಟರ್‌ಬ್ಯಾಕ್ ಓಟವನ್ನೇ ನೆಚ್ಚಿರೋ ಸ್ಪ್ರೆಡ್ ಆಪ್ಷನ್ ಆಟ ಆಡ್ಸಿ ಹೆಸರು ಮಾಡಿದ್ರು. ಇಲ್ಲಿ ಬಂದಾಗ ಇದ್ದೋನು ರಯಾನ್ ಮ್ಯಾಲೆಟ್, ಆರೂವರೆ ಅಡಿ ಎತ್ತರ, ತೋಳಲ್ಲಿ ಫಿರಂಗಿ, ಓಡೋದಂತೂ ಆಗದ ಮಾತು. ತನಗೆ ಇಲ್ಲಿ ಜಾಗ ಇಲ್ಲ ಅಂತ ಅವನು ಅರ್ಕನ್ಸಾ ಯೂನಿವರ್ಸಿಟಿಗೆ ಹೋಗ್ಬಿಟ್ಟ. (ಪಾಪ, 2023ರಲ್ಲಿ ಮೂವತ್ತೈದನೇ ವಯಸ್ಸಿಗೇ ಫ್ಲಾರಿಡಾದಲ್ಲಿ ನೀರಲ್ಲಿ ಮುಳುಗಿ ತೀರ್ಕೊಂಡ, ಆ ಸುದ್ದಿ ಓದಿದ ದಿನ ಮನಸ್ಸೇ ಸರಿ ಇರ್ಲಿಲ್ಲ.) ಉಳಿದೋರು ಸ್ಟೀವನ್ ಥ್ರೀಟ್, ನಿಕ್ ಶೆರಿಡನ್. ಇಬ್ರೂ ಪ್ಯಾಟ್ ವೈಟ್ ಅಲ್ಲ, ಆಗೋಕೂ ಸಾಧ್ಯ ಇರ್ಲಿಲ್ಲ. ಆದ್ರೂ ಅವರ ಕೈಲಿ ಅದೇ ಆಟ ಆಡ್ಸಿದ್ರು. ಕುಂಬ್ಳೆ ಕೈಗೆ ಹೊಸ ಬಾಲ್ ಕೊಟ್ಟು ಸ್ವಿಂಗ್ ಮಾಡಪ್ಪ ಅಂದ ಹಾಗಾಯ್ತು ಕಥೆ.

ಈ ಆಟ ನೋಡದೇ ಇರೋ ಊರಿನ ಸ್ನೇಹಿತರಿಗೆ ಒಂದೇ ಒಂದು ಪ್ಲೇ ಬಿಡಿಸಿ ಹೇಳ್ತೀನಿ, ನನ್ನ ಸಿಟ್ಟು ಅರ್ಥ ಆಗುತ್ತೆ. ಝೋನ್ ರೀಡ್ ಅಂತಾರೆ. ಕ್ವಾರ್ಟರ್‌ಬ್ಯಾಕ್ ಬಾಲನ್ನ ರನ್ನಿಂಗ್ ಬ್ಯಾಕ್ (ಬಾಲ್ ಹಿಡ್ಕೊಂಡು ಓಡೋ ಆಟಗಾರ) ಹೊಟ್ಟೆಗೆ ಒತ್ತಿ ಹಿಡೀತಾನೆ, ಆದ್ರೆ ಇನ್ನೂ ಬಿಟ್ಟಿರಲ್ಲ. ಕಣ್ಣೆಲ್ಲ ಎದುರು ಟೀಮಿನ ಡಿಫೆನ್ಸಿವ್ ಎಂಡ್ (ಲೈನಿನ ತುದೀಲಿ ನಿಂತು ತಡೆಯೋನು) ಮೇಲೆ. ಆ ಎಂಡನ್ನ ಬೇಕಂತಲೇ ಯಾರೂ ಬ್ಲಾಕ್ ಮಾಡಿರಲ್ಲ. ಅವನು ರನ್ನಿಂಗ್ ಬ್ಯಾಕ್ ಕಡೆ ಒಳಕ್ಕೆ ನುಗ್ಗಿದ್ರೆ ಕ್ವಾರ್ಟರ್‌ಬ್ಯಾಕ್ ಬಾಲ್ ಎಳ್ಕೊಂಡು ಅವನು ಖಾಲಿ ಬಿಟ್ಟ ಜಾಗದಲ್ಲಿ ಓಡ್ಬೇಕು, ಅವನು ನಿಂತಲ್ಲೇ ನಿಂತ್ರೆ ಬಾಲ್ ಬಿಟ್ಕೊಡ್ಬೇಕು. ಎಲ್ಲಾ ಕಣ್ಣು ಮಿಟುಕಿಸೋದ್ರೊಳಗೆ. ಇದು ನಡೆಯೋದು ಕ್ವಾರ್ಟರ್‌ಬ್ಯಾಕ್ ಓಡ್ಬಿಡ್ತಾನೆ ಅನ್ನೋ ಭಯ ಆ ಎಂಡ್‌ಗೆ ಇದ್ರೆ ಮಾತ್ರ. ಭಯ ಇಲ್ಲ ಅಂದ್ರೆ ಅವನು ಏನೂ ಯೋಚ್ನೆ ಮಾಡ್ದೆ ರನ್ನಿಂಗ್ ಬ್ಯಾಕ್ ಮೇಲೆ ಬೀಳ್ತಾನೆ, ನೀವಾಗೇ ಬ್ಲಾಕ್ ಮಾಡ್ದೆ ಬಿಟ್ಟ ಮನುಷ್ಯನೇ ನಿಮ್ಮ ಪ್ಲೇ ಮುರೀತಾನೆ. 2008ರಲ್ಲಿ ಇದನ್ನೇ ವಾರ ವಾರ ನೋಡಿದ್ವಿ. ಟೊಲೀಡೊ ಕೈಲಿ 13-10 ಸೋತ್ವಿ, ಅದೂ ನಮ್ಮ ಸ್ಟೇಡಿಯಮ್ಮಲ್ಲೇ! ಸೀಸನ್ ಮುಗಿದಾಗ 3 ಗೆಲುವು, 9 ಸೋಲು. ಮೂರು ದಶಕ ಬಿಡದೆ ಬೋಲ್ ಗೇಮ್ (ಸೀಸನ್ ಕಡೇಲಿ ಚೆನ್ನಾಗಿ ಆಡಿದ ಟೀಮ್‌ಗಳಿಗೆ ಸಿಗೋ ಪಂದ್ಯ) ಆಡ್ಕೊಂಡು ಬಂದ ಟೀಮ್ ಅದು.

ಆ ಮಹಾಶಯರ ವಾದ ಏನಂದ್ರೆ ಸಿಸ್ಟಮ್ ಬೇರು ಬಿಡೋಕೆ ಎರಡು ಮೂರು ವರ್ಷ ಬೇಕು, ಲೈನಲ್ಲೂ ಹೊಸಬರೇ ಇದ್ರು, 2010ರಲ್ಲಿ ಡೆನಾರ್ಡ್ ರಾಬಿನ್ಸನ್ ಮೊದಲ ಕ್ವಾರ್ಟರ್‌ಬ್ಯಾಕ್ ಆದ್ಮೇಲೆ ಅದೇ ಸಿಸ್ಟಮ್ ಹೇಗೆ ಓಡ್ತು ನೋಡಿ ಅಂತ. ಓಡ್ತು, ನಿಜ. ನಾಟರ್ ಡೇಮ್ ಮೇಲೆ ಅವನೊಬ್ಬನೇ 502 ಯಾರ್ಡ್ ಮಾಡ್ದ, ಆ ಸೀಸನ್ನಲ್ಲಿ 1,702 ಯಾರ್ಡ್ ಓಡಿದ. ಆದ್ರೆ ಅದು ನನ್ನ ಮಾತೇ ಅಲ್ವಾ? ಆಟಕ್ಕೆ ತಕ್ಕ ಹುಡುಗ ಸಿಕ್ದ, ಓಡ್ತು. ಮತ್ತೆ 2008ರ ಸೀನಿಯರ್‌ಗಳಿಗೆ 2010 ಎಲ್ಲಿಂದ ಬರುತ್ತೆ? ಕಾಲೇಜ್ ಹುಡುಗರು ಅವರು, ನಾಲ್ಕು ಸೀಸನ್ ಅವರ ಪಾಲಿಗೆ, ಅದ್ರಲ್ಲಿ ಕಡೇದನ್ನ ಕೋಚ್‌ನ ಹಟಕ್ಕೆ ಬಲಿ ಕೊಟ್ರೆ ಯಾರು ವಾಪಸ್ ಕೊಡ್ತಾರೆ ಹೇಳಿ. ನನ್ನ ಲ್ಯಾಬ್ ಸೆಕ್ಷನ್ನಲ್ಲಿ ಟೀಮಿನ ಹುಡುಗನೊಬ್ಬ ಇದ್ದ, ಸೋಮವಾರ ಬೆಳಗ್ಗೆ ಅವನು ಮುಖ ತಗ್ಗಿಸ್ಕೊಂಡು ಬಂದು ಕೂರೋದನ್ನ ನೋಡಿದೀನಿ. ಯೋಗ್ಯತೆ ಇಲ್ಲ ಅಂತೆ!

ಆಮೇಲೆ ಬಂದ ಕೋಚ್ ಬ್ರೇಡಿ ಹೋಕ್ ಕಾಲದಲ್ಲಿ ಇದೇ ತಪ್ಪು ತಿರುಗುಮುರುಗಾಗಿ ಆಯ್ತು. ಅವರ ಆಫೆನ್ಸ್ ನೋಡ್ಕೊಳ್ತಿದ್ದ ಆಲ್ ಬೋರ್ಜಸ್ ಪಾಸ್ ಆಟದ ಮನುಷ್ಯ. 2011ರಲ್ಲಿ ಡೆನಾರ್ಡ್‌ಗೆ ಹೊಂದೋ ಆಟವನ್ನ ಬಹುಮಟ್ಟಿಗೆ ಉಳಿಸ್ಕೊಂಡ್ರು, ಶುಗರ್ ಬೋಲೂ ಸೇರಿ 11 ಗೆದ್ವಿ. 2012ರಲ್ಲಿ ನಾಟರ್ ಡೇಮ್ ಮೇಲೆ ಅವನ ಕೈಲಿ ಪಾಸ್ ಮೇಲೆ ಪಾಸ್ ಹಾಕ್ಸಿದ್ರು, ನಾಲ್ಕು ಇಂಟರ್ಸೆಪ್ಷನ್ (ಎಸೆದ ಬಾಲ್ ಎದುರಾಳಿ ಕೈಗೆ), 13-6 ಸೋಲು. ಓಡಿದ್ರೆ ಇಡೀ ಸ್ಟೇಡಿಯಮ್ ಎದ್ದು ನಿಲ್ಲೋ ಹುಡುಗ ರೀ ಅವನು.

ಇನ್ನು ಈ ಮಾತು ಬರೆಯೋಕೆ ಹೊಟ್ಟೆ ಉರೀತದೆ, ಆದ್ರೂ ಬರೀಲೇಬೇಕು. ಇರೋ ಹುಡುಗನಿಗೆ ತಕ್ಕ ಹಾಗೆ ಆಟ ಬದಲಾಯ್ಸೋದು ಹೇಗೆ ಅಂತ ತೋರ್ಸಿದ್ದು ನಮ್ಮ ಬದ್ಧ ಎದುರಾಳಿ ಓಹೈಯೋ ಸ್ಟೇಟ್. 2014ರಲ್ಲಿ ಸೀಸನ್ ಶುರುವಾಗೋ ಮೊದ್ಲೇ ಅವರ ಮೊದಲ ಕ್ವಾರ್ಟರ್‌ಬ್ಯಾಕ್ ಬ್ರಾಕ್ಸ್‌ಟನ್ ಮಿಲ್ಲರ್ ಭುಜ ಹೋಯ್ತು. ಎರಡನೇವನು ಜೆ.ಟಿ. ಬ್ಯಾರೆಟ್, ನಮ್ಮ ಮೇಲೆ ಆಡ್ತಾ ಕಾಲು ಮುರ್ಕೊಂಡ. ಮೂರನೇವನು ಕಾರ್ಡೇಲ್ ಜೋನ್ಸ್, ಆನೆ ಥರ ಮೈಕಟ್ಟು, ಬ್ಯಾರೆಟ್ ತರಹ ಚುರುಕಿಲ್ಲ, ಆದ್ರೆ ಬಾಲ್ ಎಸೆದ್ರೆ ಮೈದಾನದ ಆ ತುದಿಗೆ. ಅವರ ಕೋಚ್‌ಗಳಾದ ಅರ್ಬನ್ ಮೇಯರ್, ಟಾಮ್ ಹರ್ಮನ್ ಇಬ್ರೂ ಏನ್ ಮಾಡಿದ್ರು? ಬ್ಯಾರೆಟ್‌ಗೆ ಕಟ್ಟಿದ ಆಟವನ್ನೇ ಇವನ ತಲೆ ಮೇಲೆ ಹೇರಲಿಲ್ಲ. ಬಾಲನ್ನ ರನ್ನಿಂಗ್ ಬ್ಯಾಕ್ ಎಝೀಕಿಯಲ್ ಎಲಿಯಟ್ ಕೈಗೆ ಕೊಟ್ಟು ಕೊಟ್ಟು ಡಿಫೆನ್ಸನ್ನ ಮುಂದಕ್ಕೆ ಎಳೆದ್ರು, ಹಿಂದೆ ಜಾಗ ಆದ ತಕ್ಷಣ ಕಾರ್ಡೇಲ್ ಕೈಲಿ ರಿಸೀವರ್ (ಪಾಸ್ ಹಿಡಿಯೋನು) ಡೆವಿನ್ ಸ್ಮಿತ್‌ಗೆ ಉದ್ದುದ್ದ ಪಾಸ್ ಹಾಕ್ಸಿದ್ರು. ಮೊದಲ ಸ್ಟಾರ್ಟಲ್ಲೇ ವಿಸ್ಕಾನ್ಸಿನ್ ಮೇಲೆ 59-0, ಸ್ಮಿತ್‌ಗೇ ಮೂರು ಟಚ್‌ಡೌನ್. ಆಮೇಲೆ ಅಲಬಾಮಾ, ಆಮೇಲೆ ಆರೆಗನ್, ಕೈಲಿ ನ್ಯಾಷನಲ್ ಚಾಂಪಿಯನ್ ಟ್ರೋಫಿ. ಮಿಷಿಗನ್ ಅಭಿಮಾನಿಯಾಗಿ ಹೇಳ್ತೀನಿ, ಅದು ಕೋಚಿಂಗ್ ಅಂದ್ರೆ.

ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಇನ್ನೊಂದು. ಅವರ ಕ್ವಾರ್ಟರ್‌ಬ್ಯಾಕ್ ಜೋ ಬರೋ 2018ರಲ್ಲಿ 16 ಟಚ್‌ಡೌನ್ ಪಾಸ್ ಹಾಕಿದ್ದ. ಮರುವರ್ಷ ವೃತ್ತಿಪರ ಲೀಗಿನ ಸೇಂಟ್ಸ್ ಟೀಮಿಂದ ಜೋ ಬ್ರೇಡಿ ಅನ್ನೋ ಕೋಚನ್ನ ಕರೆಸಿ, ಐದು ಜನ ರಿಸೀವರ್‌ಗಳನ್ನ ಹರಡಿ ನಿಲ್ಸಿ, ಬೇಗ ಓದಿ ಬೇಗ ಎಸೆಯೋ ಅವನ ಬುದ್ಧಿಗೆ ಹೊಂದೋ ಆಟ ಕೊಟ್ರು. 60 ಟಚ್‌ಡೌನ್, 15-0. ಅದೇ ಹುಡುಗ!

ಈಗ ಟ್ರಾನ್ಸ್‌ಫರ್ ಪೋರ್ಟಲ್ (ಆಟಗಾರರು ಕಾಲೇಜ್ ಬದಲಾಯ್ಸೋ ವ್ಯವಸ್ಥೆ) ಇದ್ಯಲ್ಲ, 2021ರಿಂದ ಒಂದು ವರ್ಷ ಕೂರದೇ ಆಡಬಹುದು, ಕೋಚ್ ತನಗೆ ಬೇಕಾದೋನನ್ನೇ ತಂದ್ಕೊಳ್ಳಲಿ ಅನ್ನೋರೂ ಇದಾರೆ. ತಂದ್ಕೊಂಡೋನು ಸೆಪ್ಟೆಂಬರಲ್ಲಿ ಮಂಡಿ ಮುರ್ಕೊಂಡ್ರೆ? ಆಗ ಒಳಗೆ ಬರೋನು ಬೇರೆ ಥರದೋನೇ ಆಗಿರ್ತಾನೆ. 2024ರಲ್ಲಿ ನಮ್ಮಲ್ಲೇ ಓಡೋ ಅಲೆಕ್ಸ್ ಓರ್ಜಿ ಒಬ್ಬ, ಎಸೆಯೋ ಡೇವಿಸ್ ವಾರನ್ ಒಬ್ಬ ಇದ್ರು. ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ) ಮೇಲೆ ಓರ್ಜಿ ಪಾಸಲ್ಲಿ ಬಂದಿದ್ದು ಬರೀ 32 ಯಾರ್ಡ್, ಆದ್ರೂ ಓಡಿ ಓಡಿ 27-24 ಗೆದ್ವಿ. ಅವನ ಕೈಲಿ ಮೂವತ್ತು ಪಾಸ್ ಹಾಕ್ಸಿದ್ರೆ ಗೆಲ್ತಿದ್ವಾ?

ಡೆನಾರ್ಡ್ ಕಾಲದಲ್ಲಿ ಆನ್ ಆರ್ಬರಲ್ಲಿ ಇದ್ದೋರು ಯಾರಾದ್ರೂ ಇದನ್ನ ಓದ್ತಿದ್ರೆ ಕಾಮೆಂಟಲ್ಲಿ ಹೇಳಿ, 2012ರಲ್ಲಿ ಅವನ ಕೈಲಿ ಅಷ್ಟೊಂದು ಪಾಸ್ ಹಾಕ್ಸಬೇಕಿತ್ತಾ? ಶನಿವಾರದ ಆ ಮಹಾಶಯರನ್ನೂ ಟ್ಯಾಗ್ ಮಾಡಿದೀನಿ, ಬರ್ಲಿ, ಮಾತಾಡೋಣ.