ಅಜ್ಜಿಯ ತಮ್ಮ

ಮೊನ್ನೆ ನನ್ನ ವಿದ್ಯಾರ್ಥಿನಿ ಒಬ್ಬಳು ಕೇಳಿದಳು: "ಸರ್, ಮನೆಯಲ್ಲಿ ಲಾ ಓದು ಅಂತಾರೆ. ನನಗೆ ಕನ್ನಡ ಎಂಎ ಮಾಡಬೇಕು. ನೀವು ಲಾ ಬಿಟ್ಟು ಬಂದವರಲ್ವಾ?"

ಬಿಟ್ಟು ಬಂದೆ ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ.

ಮಂಗಳೂರಿನಲ್ಲಿ ವಕೀಲಿಕೆ ಶುರು ಮಾಡಿದ ಹೊಸತು. ಜಾಗದ ತಕರಾರಿನ ಕೇಸು, ಕಟಕಟೆಯಲ್ಲಿ ನಮ್ಮ ಕಡೆಯ ಅಜ್ಜಿ. "ತೆಂಗಿನ ಮರ ಬೇಲಿಯ ಆಚೆ ಇದೆ, ಅಲ್ವಾ?" ಎಂದು ಪಾಟೀಸವಾಲು. ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ತುಳುವಿನಲ್ಲಿ ಹೇಳತೊಡಗಿದರು. ಮರ ನೆಟ್ಟದ್ದು ತಾಯಿ. ಅದೇ ಮಳೆಗಾಲದಲ್ಲಿ ತಮ್ಮ ತೀರಿಕೊಂಡ. ಬೇಲಿ ಬಂದದ್ದು ಆಮೇಲೆ. ದಾಖಲಾದದ್ದು ಒಂದೇ ಸಾಲು: "ಮರ ಬೇಲಿಯ ಆಚೆ ಇದೆ ಎಂದರೆ ಸರಿ."

ಬೇಲಿಯ ವಿಷಯವನ್ನು ನಮ್ಮ ಸೀನಿಯರ್ ಮರುವಿಚಾರಣೆಯಲ್ಲಿ ಹೇಳಿಸಿದರು. ತಮ್ಮ ಮಾತ್ರ ಎಲ್ಲೂ ಬರಲಿಲ್ಲ. ಕೋರ್ಟಿನದು ತಪ್ಪಲ್ಲ. ವ್ಯಾಜ್ಯಕ್ಕೆ ಸಂಬಂಧಪಟ್ಟದ್ದಷ್ಟೇ ಅಲ್ಲಿ ಸಾಕ್ಷ್ಯ. 1872ರ ಸಾಕ್ಷ್ಯ ಕಾಯ್ದೆ ಹೋಗಿ 2024ರ ಜುಲೈಯಲ್ಲಿ ಹೊಸದು ಬಂದರೂ ಆ ನಿಯಮ ಹಾಗೇ ಇದೆ. ಆದರೆ ಆ ತಮ್ಮ ನನ್ನನ್ನು ಬಿಡಲಿಲ್ಲ. ನಾನು ಬರೆದ ಮೊದಲ ಕತೆ ಅವನದೇ. ಕೋರ್ಟಿಗೆ ಹೋಗದಿದ್ದರೆ ಅವನು ನನಗೆಲ್ಲಿ ಸಿಗುತ್ತಿದ್ದ?

ಉಡುಪಿಯಲ್ಲಿ 1957ರಿಂದ ಲಾ ಕಾಲೇಜಿದೆ, 1971ರಿಂದ ಯಕ್ಷಗಾನ ಕೇಂದ್ರವೂ ಇದೆ. ಒಂದು ಕಡೆಯ ಮಕ್ಕಳು ಇನ್ನೊಂದು ಕಡೆ ಹೋಗಿ ಕೂರಬೇಕು ಅನ್ನುವುದು ನನ್ನ ಆಸೆ. ಯಕ್ಷಗಾನದ್ದೇ ಕೂತು ಮಾತಾಡುವ ರೂಪ ತಾಳಮದ್ದಳೆ ನೋಡಿ. ವೇಷ ಇಲ್ಲ, ಕುಣಿತ ಇಲ್ಲ. ಹಾಡುವ ಭಾಗವತರ ಪದ ಮುಗಿದರೆ ಮಾತೇ ಎಲ್ಲ. ಬಾಣ ತಾಗಿ ಬಿದ್ದ ವಾಲಿ ಕೇಳುತ್ತಾನೆ: ಮರೆಯಲ್ಲಿ ನಿಂತು ಯಾಕೆ ಹೊಡೆದೆ? ರಾಮ ಉತ್ತರ ಕೊಡಲೇಬೇಕು. ಹೆಸರಾಂತ ತಾಳಮದ್ದಳೆ ಕಲಾವಿದ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ, ಅಂದರೆ ಪಾತ್ರವಾಗಿ ಆಡುವ ಮಾತು, ಕೇಳಿ ಬೆಳೆದ ಹಿರಿಯರ ಹತ್ತಿರ ಕೂತರೆ ಇಂಥ ವಾದಗಳು ಇವತ್ತಿಗೂ ಬಾಯಿಪಾಠ ಸಿಗುತ್ತವೆ. ಇವತ್ತು ವಾಲಿಯಾದವರು ನಾಳೆ ರಾಮನಾಗಿ ತಮ್ಮದೇ ಪ್ರಶ್ನೆಗೆ ಉತ್ತರ ಹುಡುಕಬೇಕು. ವಕೀಲಿಕೆಗೆ ಇದಕ್ಕಿಂತ ಒಳ್ಳೆಯ ತರಬೇತಿ ನಾನು ಕಂಡಿಲ್ಲ.

ನನ್ನ ಕ್ಲಾಸಿನಲ್ಲೂ ಹೀಗೇ. ತನ್ನನ್ನೇ ಸೋತ ಧರ್ಮರಾಯನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿತ್ತು ಎಂಬ ದ್ರೌಪದಿಯ ಪ್ರಶ್ನೆ ಇಟ್ಟು ಎರಡು ಗುಂಪು ಮಾಡುತ್ತೇನೆ. ವಾದ ಕಾವೇರಿದ ಹೊತ್ತಿಗೆ, "ಈಗ ಪಕ್ಷ ಬದಲಿಸಿ" ಅನ್ನುತ್ತೇನೆ. ಗಲಾಟೆ ಮಾಡುತ್ತಿದ್ದ ಕ್ಲಾಸು ಸುಮ್ಮನಾಗಿ ಯೋಚಿಸುತ್ತದೆ. ಆ ಐದು ನಿಮಿಷ ನನಗೆ ತುಂಬಾ ಇಷ್ಟ.

ಆ ಹುಡುಗಿಗೆ ಹೇಳಿದೆ: ಎಂಎ ಮಾಡು, ಮನೆಯವರ ಹತ್ತಿರ ಬೇಕಾದರೆ ನಾನು ಮಾತಾಡುತ್ತೇನೆ. ಅದಕ್ಕೆ ಮೊದಲು ಒಂದು ವಾರ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ಬಾ. ಸಾಕ್ಷಿ ಹೇಳಿದ್ದೇನು, ದಾಖಲಾದದ್ದೇನು, ಎರಡನ್ನೂ ಬರೆದುಕೊಂಡು ಬಾ.