ಕಾರಿನ ಬಾಗಿಲಿನ ಲೆಕ್ಕವನ್ನೇ ಬಿಟ್ಟಿದ್ದೀರಿ
ಸೈಕಲ್ ಪಥಕ್ಕೆ 1.5 ಮೀಟರ್ ಅಗಲ ಸಾಕು ಅಂತ ಲೇಖನದಲ್ಲಿ ಬರೆದಿದ್ದೀರಿ. ಪಕ್ಕದಲ್ಲೇ ಕಾರು ನಿಲ್ಲಿಸಲು ಬಿಟ್ಟರೆ? ಬಾಗಿಲು ಪೂರ್ತಿ ತೆರೆದರೆ ಹತ್ತಿರ ಹತ್ತಿರ 1 ಮೀಟರ್ ಹೊರಗೆ ಬರುತ್ತದೆ. ಸೈಕಲ್ ಹ್ಯಾಂಡಲ್ಲೇ ಸುಮಾರು 60 ಸೆಂಟಿಮೀಟರ್. ಉಳಿದಿದ್ದೇನು, ನೀವೇ ಲೆಕ್ಕ ಹಾಕಿ. ನಾನು ಹಾಗೇ ಒಮ್ಮೆ ಬಾಗಿಲಿಗೆ ಗುದ್ದಿ ಬಿದ್ದಿದ್ದೇನೆ. ಮೊಣಕೈ ಮೇಲಿನ ಗುರುತು ಇನ್ನೂ ಹೋಗಿಲ್ಲ. ಬಾಗಿಲಿಗೆಂದೇ ನಡುವೆ ಒಂದು ಪಟ್ಟಿ ಜಾಗ ಬಿಡಬೇಕು, ಇಲ್ಲವೇ ಪಾರ್ಕಿಂಗ್ ತೆಗೆಯಬೇಕು. ಸುಮ್ನೆ ಪಥಕ್ಕೆ ಹಸಿರು ಬಣ್ಣ ಬಳಿದರೆ ಬಾಗಿಲು ತೆರೆಯುವುದು ನಿಲ್ಲುತ್ತದಾ? ಇನ್ನೊಂದು, ಚರಂಡಿ ಜಾಲರಿ. ಅದರ ಕಂಬಿಗಳು ಸೈಕಲ್ ಹೋಗುವ ದಿಕ್ಕಿಗೆ ಅಡ್ಡವಾಗಿರಬೇಕು. ಉದ್ದಕ್ಕಿದ್ದರೆ ತೆಳು ಚಕ್ರ ಸಂದಿಯಲ್ಲಿ ಸಿಕ್ಕಿಕೊಂಡು ಸವಾರ ಮುಂದಕ್ಕೆ ಮುಗ್ಗರಿಸುತ್ತಾನೆ. ನಿಯಮದಲ್ಲಿ ಇದಕ್ಕೆ ಒಂದೇ ಸಾಲು ಸಾಕಲ್ವಾ?