ಮೋಗ್ಲಿಯ ಹೆಬ್ಬಾವು ಮೋಸಗಾರ ಅಲ್ಲ

ನಿನ್ನೆ ಸಂಜೆಯಿಂದ ಸಿಟ್ಟು ಇಳಿದಿಲ್ಲ. ಬರೆದೇ ಬಿಡ್ತೀನಿ.

ಹಿತ್ತಲಿಗೆ ಒಂದು ಕೇರೆ ಹಾವು ಬಂದಿತ್ತು. ಮಳೆ ಬಿದ್ದ ಮೇಲೆ ಕಲಬುರಗಿಯಲ್ಲಿ ಇದೇನು ಹೊಸದಲ್ಲ. ಶಹಾಬಾದ್ ಫರ್ಸಿ ಕಲ್ಲಿನ ಸಂದಿಯಲ್ಲಿ ಅರ್ಧ ಮೈ ಒಳಗೆ, ಅರ್ಧ ಹೊರಗೆ. ಹೊಟ್ಟೆ ಒಂದು ಕಡೆ ಉಬ್ಬಿತ್ತು, ಇಲಿ ನುಂಗಿರಬೇಕು. ಅಣ್ಣನ ಮಗ, ಏಳು ವರ್ಷದವನು, ತಂಗಿಯ ಕಣ್ಣಿಗೆ ಎರಡೂ ಕೈ ಅಡ್ಡ ಹಿಡಿದು ಚೀರಿದ: "ಕಾಕಾ, ಅದರ ಕಣ್ಣಾಗ ನೋಡಬ್ಯಾಡ್ರಿ! ನಿದ್ದಿ ಬರಿಸಿ ನುಂಗ್ತದ!"

ಹೋದ ವಾರವಷ್ಟೇ ಜಂಗಲ್ ಬುಕ್ ಸಿನಿಮಾ ನೋಡಿದ್ದಾನೆ. ಪಕ್ಕದ ಮನೆಯವರು ಆಗಲೇ ಬಡಿಗೆ ತಂದಿದ್ದರು. ಕೈ ಹಿಡಿದು ನಿಲ್ಲಿಸಿದೆ. ಹಾವು ತನ್ನ ಪಾಡಿಗೆ ಗೋಡೆ ದಾಟಿ ಹೋಯಿತು.

ಆ ಸಿನಿಮಾದ ಮೂಲ ಪುಸ್ತಕ 'ಜಂಗಲ್ ಬುಕ್' ಬಗ್ಗೆ ನನಗೆಷ್ಟು ಹುಚ್ಚು ಅಂತ ನಿಮಗೆ ಗೊತ್ತಲ್ಲ. ರಡ್ಯಾರ್ಡ್ ಕಿಪ್ಲಿಂಗ್ 1894ರಲ್ಲಿ ಮೊದಲ ಭಾಗ, 1895ರಲ್ಲಿ ಎರಡನೆಯದು ತಂದ. ಅದರಲ್ಲಿ 'ಕಾ' ಎಂಬ ಹೆಬ್ಬಾವು, ತೋಳಗಳು ಸಾಕಿದ ಹುಡುಗ ಮೋಗ್ಲಿಯ ಜೀವ ಉಳಿಸಿದವನು. ಮಂಗಗಳು ಹುಡುಗನನ್ನು ಹೊತ್ತು ಪಾಳುಬಿದ್ದ ಊರಿಗೆ ಒಯ್ಯುತ್ತವೆ. ನಮ್ಮ ಬಹಮನಿ ಕೋಟೆಯೊಳಗೆ ಕಾಡು ಬೆಳೆದರೆ ಹೇಗಿರತ್ತೆ, ಹಾಗೆ. ಕರಡಿ ಬಾಲೂ, ಚಿರತೆ ಬಗೀರಾ ಇಬ್ಬರೇ ಹೋದರೆ ಆಗೋದಿಲ್ಲ ಅಂತ ಹೆಬ್ಬಾವಿನ ಸಹಾಯ ಕೇಳುತ್ತಾರೆ. ಅವನು ತಲೆಯಿಂದ ಗುದ್ದಿ ಗುದ್ದಿ ಹುಡುಗನನ್ನು ಕೂಡಿಹಾಕಿದ್ದ ಕಡೆಯ ಗೋಡೆ ಒಡೆಯುತ್ತಾನೆ. ಹೊರಗೆ ಬಂದ ಹುಡುಗ ಹೇಳುವ ಮಾತು ಇದು: ಈ ರಾತ್ರಿ ನೀನು ನನಗೆ ಜೀವ ಕೊಟ್ಟೆ, ನಿನಗೆ ಹಸಿವಾದರೆ ನನ್ನ ಬೇಟೆ ನಿನ್ನದು. ಒಂದು ಮಗು ಹಾವಿಗೆ ಉಪಕಾರ ನೆನೆಯುತ್ತದೆ! ಇಂಥ ಕಥೆ ಮಕ್ಕಳಿಗೆ ಇನ್ನೆಲ್ಲಿ ಸಿಗತ್ತೆ?

ಆಮೇಲೆ ಹೆಬ್ಬಾವಿನ ಕುಣಿತಕ್ಕೆ ಮಂಗಗಳು ಮರುಳಾಗುತ್ತವೆ. ಬಾಲೂ, ಬಗೀರಾ ಕೂಡ. ಮರುಳಾಗದೆ ನಿಲ್ಲುವವನು ಮೋಗ್ಲಿ ಒಬ್ಬನೇ. ಡಿಸ್ನಿಯ 1967ರ ಸಿನಿಮಾ ಇದನ್ನೇ ತಿರುವಿಹಾಕಿತು. ಅಲ್ಲಿ ಹೆಬ್ಬಾವು ಕಣ್ಣು ತಿರುಗಿಸಿ ಹುಡುಗನನ್ನೇ ಮಲಗಿಸಿ ನುಂಗಲು ಬರುತ್ತದೆ. 2016ರಲ್ಲಿ ಹೊಸದಾಗಿ ಮಾಡಿದಾಗಲೂ ಅದೇ ತಪ್ಪು. ತಿದ್ದಿಕೊಳ್ಳೋಕೆ ಅರ್ಧ ಶತಮಾನ ಸಾಲದೇ?

ಸಿನಿಮಾಕ್ಕೆ ಕೇಡಿಗ ಬೇಕು ಅಂತೀರಿ. ಶೇರ್ ಖಾನ್ ಇದ್ದನಲ್ಲ? ಕುಂಟು ಹುಲಿ ಒಂದು ಸಾಕಾಗಲಿಲ್ವಾ? ಪುಸ್ತಕ ಇದ್ದ ಹಾಗೇ ತೆಗೆಯೋಕೆ ಆಗಲ್ಲ ಅಂತೀರಿ. ಸರಿ, ಹಾಡು ಸೇರಿಸಲಿ, ಕಥೆ ಕತ್ತರಿಸಲಿ. ಗೆಳೆಯನನ್ನು ದ್ರೋಹಿ ಮಾಡೋದು ಬೇರೆ ಮಾತು. ತೊಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ಜಪಾನಿನ ಕಾರ್ಟೂನ್‌ನಲ್ಲಿ ಹೆಬ್ಬಾವು ಮೋಗ್ಲಿಯ ಕಡೆಯೇ ಇತ್ತು. ನಾವೆಲ್ಲ ಅದನ್ನು ಬಿಡದೆ ನೋಡಲಿಲ್ವಾ?

ಪಕ್ಕದ ಯಾದಗಿರಿಯ ಕಂದಕೂರಿನಲ್ಲಿ ನಾಗರ ಪಂಚಮಿ ದಿನ ಮಕ್ಕಳು ಚೇಳನ್ನು ಅಂಗೈ ಮೇಲೆ ಬಿಟ್ಟುಕೊಳ್ಳುತ್ತಾರೆ. ಹುತ್ತಕ್ಕೆ ಹಾಲೆರೆದು, ಉಂಡಿ ತಿಂದು, ಜೋಕಾಲಿ ಆಡುವ ಸೀಮೆ ನಮ್ಮದು. ಇಲ್ಲಿಯ ಹುಡುಗ ಹಾವು ಕಂಡರೆ ಕಣ್ಣು ಮುಚ್ಚಿಕೊಳ್ಳಬೇಕಾ?

ನನಗಿಷ್ಟು ಹೊಟ್ಟೆ ಉರಿಯೋದಕ್ಕೆ ಇನ್ನೊಂದು ಕಾರಣ ಇದೆ. ಯಾರಿಗೂ ಹೇಳಿರಲಿಲ್ಲ. ನನಗೆ ಹತ್ತು ವರ್ಷ ಇದ್ದಾಗ ನಮ್ಮ ತೊಗರಿ ಹೊಲದ ಬದುವಿನಲ್ಲಿ ಹುಡುಗರೆಲ್ಲ ಸೇರಿ ಒಂದು ಹಾವು ಕೊಂದಿದ್ದೆವು. ನಾನೂ ಕಲ್ಲು ಒಗೆದಿದ್ದೆ. ಅಪ್ಪ ಬೈಯಲಿಲ್ಲ. ಉಬ್ಬಿದ ಹೊಟ್ಟೆ ತೋರಿಸಿ, "ಇಲಿ ನುಂಗ್ಯದ ನೋಡು. ನಮ್ಮ ತೊಗರಿ ಕಾಯಲಾಕ ಬಂದಿತ್ತು" ಅಂದರು. ನಿನ್ನೆ ಫರ್ಸಿ ಸಂದಿಯಲ್ಲಿ ಕಂಡದ್ದು ಅದೇ ಹೊಟ್ಟೆ.

ಇವತ್ತು ರಾತ್ರಿ ಹುಡುಗನನ್ನು ಪಕ್ಕದಲ್ಲಿ ಮಲಗಿಸಿಕೊಂಡು ಆ ಅಧ್ಯಾಯ ಶುರು ಮಾಡಿದೆ. ಓದುತ್ತಾ ಕನ್ನಡದಲ್ಲಿ ಹೇಳಿದೆ. ಹೆಬ್ಬಾವು ಗೋಡೆಗೆ ಮೂಗಿನಿಂದ ಗುದ್ದುವ ಕಡೆ ಬಂದಾಗ ಪುಸ್ತಕದ ಮೇಲೆ ಕೈ ಇಟ್ಟ.

"ಅದಕ್ಕ ಮೂಗು ನೋಯಲಿಲ್ಲೇನ್ರಿ ಕಾಕಾ?"